ಅಡುಗೆಮನೆ ಬಾಗಿಲಿಗೆ ಯಾವ ಬಣ್ಣ

ಮನೆಯ ಕೆಲಸ ಮಾಡುವುದಿಲ್ಲ ಎಂದು ನಾನು ಯಾವತ್ತೂ ಹೇಳಿದವನಲ್ಲ. ಹಾಗೆ ಮುಖಕ್ಕೆ ಹೊಡೆದಂತೆ ಹೇಳಿಬಿಡುವ ಗಂಡಸರು ಇದ್ದಾರೆ, ಅವರ ಧೈರ್ಯಕ್ಕೆ ನಮಸ್ಕಾರ. ನನಗೆ ಅಷ್ಟು ಎದೆಗಾರಿಕೆ ಇಲ್ಲ. ನಾನು ‘ಮಾಡನ’ ಎನ್ನುವ ಪೈಕಿ. ನಮ್ಮ ಮನೆಮಾತಿನಲ್ಲಿ ‘ಮಾಡವು’ ಎಂದರೆ ಮಾಡಬೇಕು, ‘ಮಾಡನ’ ಎಂದರೆ ಮಾಡೋಣ ಎಂದರ್ಥ. ಅದರಲ್ಲಿ ಒಪ್ಪಿಗೆ ಇದೆ, ಒಂದಿಷ್ಟು ಉತ್ಸಾಹವೂ ಇದೆ, ನಾವಿಬ್ಬರೂ ಸೇರಿ ಮಾಡುತ್ತೇವೆ ಎನ್ನುವ ಸಂಸಾರದ ಸೊಗಸೂ ಇದೆ. ಇಲ್ಲದಿರುವುದು ಯಾವಾಗ ಎನ್ನುವುದೊಂದೇ. ಈ ಒಂದು ಮಾತನ್ನು ಹಿಡಿದುಕೊಂಡು ನಾನು ಮೂವತ್ತು ವರ್ಷ ಜಗಳವಿಲ್ಲದೆ ಸಂಸಾರ ಮಾಡಿದೆ. ಊರಲ್ಲಿ ನಮ್ಮನ್ನು ಅನ್ಯೋನ್ಯ ದಂಪತಿ ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿಕೊಂಡಿದ್ದೆ.

ನಾನು ಪ್ರಾಥಮಿಕ ಶಾಲೆಯ ಹೆಡ್ಮಾಸ್ತರ. ಶಾಲೆ ಹುಲಗೋಳದ ಕಡೆ, ಮನೆ ಶಿರಸಿ ಪೇಟೆಯಲ್ಲಿ. ಈ ಮನೆ ಕಟ್ಟಿಸಿದಾಗ ಎಲ್ಲ ಬಾಗಿಲಿಗೂ ಬಣ್ಣ ಆಯಿತು, ಒಳಗಿನ ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಡಬ್ಬ ಖಾಲಿಯಾಯಿತು. ಅದೇ ಹೊತ್ತಿಗೆ ದಾನಿಯೊಬ್ಬರು ನಮ್ಮ ಶಾಲೆಯ ಬೆಂಚುಗಳಿಗೆ ಬಣ್ಣ ಹೊಡೆಸಿ, ಉಳಿದ ಅರ್ಧ ಡಬ್ಬವನ್ನು ‘ಇಟ್ಕಳಿ ಮಾಸ್ತರ್ರೆ’ ಎಂದು ನನ್ನ ಕೈಗೇ ಕೊಟ್ಟು ಹೋದರು. ಅದು ಒಂಥರಾ ಕಂದು. ಗಂಭೀರವಾದ ಕಂದು. ಆ ಬಣ್ಣ ಎದುರಿಗಿದ್ದರೆ ಯಾರಿಗೂ ನಗು ಬರುವುದಿಲ್ಲ, ಹಸಿವೂ ಆಗುವುದಿಲ್ಲ. ಅದನ್ನು ನಾನೇ ತಂದು ಅಡುಗೆಮನೆಯ ಬಾಗಿಲಿಗೆ ಬಳಿದೆ. ನನ್ನ ಹೆಂಡತಿ ವೀಣಾ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ, “ಈ ಬಾಗ್ಲು ದೂಡಕ್ಕಾದ್ರೆ ‘ಒಳಗೆ ಬರ್ಲಾ ಸಾರ್’ ಹೇಳಿ ಕೇಳವು ಕಾಣ್ತು” ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಅವಳು ನಕ್ಕದ್ದರಿಂದ ಬಣ್ಣ ಒಪ್ಪಿಗೆಯಾಯಿತು ಎಂದು ನಾನು ತಿಳಿದುಕೊಂಡೆ.

ಒಪ್ಪಿಗೆಯಾಗಿರಲಿಲ್ಲ ಎನ್ನುವುದು ಮುಂದಿನ ಚೌತಿಗೆ ಗೊತ್ತಾಯಿತು. ನಮ್ಮ ಕಡೆ ಚೌತಿಯೆಂದರೆ ಮನೆಯನ್ನು ಒಳಗಿನಿಂದ ಹೊರಗೆ ತಿರುಗಿಸಿ ತೊಳೆಯುವ ಹಬ್ಬ. ಬಣ್ಣ ಹೊಡೆಸುವವರೂ ಆಗಲೇ ಹೊಡೆಸಬೇಕು. ಚೌತಿ ಬರುವುದೋ, ಬಟ್ಟೆಯೇ ಒಣಗದ ಮಳೆಗಾಲದಲ್ಲಿ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಚೌತಿಗೆ ಹೋದ ನೆಂಟರು ಆತಿಥೇಯರ ಬಾಗಿಲಿನ ಬಣ್ಣವನ್ನು ಬೆನ್ನ ಮೇಲೆ ಹೊತ್ತು ಮರಳುವುದುಂಟು. ನಮ್ಮ ಭಾವ ಒಬ್ಬರು ಬೆನ್ನು ನೋಡಿಯೇ ಯಾರು ಯಾರ ಮನೆಗೆ ಹೋಗಿ ಬಂದರು ಎಂದು ಹೇಳುತ್ತಿದ್ದರು. “ಹೌದ್ರಾ, ಈ ಚೌತಿಗಾದ್ರೂ ಆ ಬಾಗ್ಲಿಗೆ ಬಣ್ಣ ಹೊಡೆಯವು” ಎಂದು ವೀಣಾ ಹೇಳಿದಾಗ ನಾನು, ಈ ಮಳೆಯಲ್ಲಿ ಒಣಗುವುದಿಲ್ಲ, ದೀಪಾವಳಿಗೆ ಮಾಡನ ಎಂದೆ. ದೀಪಾವಳಿಗೆ ಶಾಲೆ ಪರೀಕ್ಷೆಯ ಪೇಪರು ಕಟ್ಟು ಕಟ್ಟಾಗಿ ಮನೆಗೆ ಬಂದಿರುತ್ತಿತ್ತು, ಬೇಸಿಗೆ ರಜೆಯಲ್ಲಿ ಮಾಡನ ಎಂದೆ. ಬೇಸಿಗೆಯಲ್ಲಿ ನಾನು ಬಹಳ ಆಲೋಚನೆ ಮಾಡಿ, ಈಗ ಹೊಡೆದರೆ ಮಳೆಗಾಲಕ್ಕೆ ಮತ್ತೆ ಹಾಳು, ಹೇಗೂ ಹತ್ತಿರ ಬಂತಲ್ಲ, ಚೌತಿಗೇ ಮಾಡನ ಎಂದೆ. ಇದೇ ಸುತ್ತು ಹನ್ನೊಂದು ವರ್ಷ ತಿರುಗಿತು. ಅವಳು ಒಂದು ಸಲವೂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಹೊಡೆದುಬಿಡುತ್ತಿದ್ದೆನೇನೋ.

ಕಳೆದ ಮಾಘದಲ್ಲಿ ವೀಣಾ ತೀರಿಕೊಂಡಳು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಹತ್ತೊಂಬತ್ತನೆಯ ದಿನ ಮನೆಗೆ ಬಂದು, ಅಭ್ಯಾಸಬಲದಿಂದ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ‘ಬಂದೆ’ ಎಂದು ಕೂಗಿ ಹೇಳಿದ್ದು ಮಾತ್ರ ನೆನಪಿದೆ. ಮನೆಯಲ್ಲಿ ಸಾವಾದರೆ ವರ್ಷ ಕಳೆಯುವವರೆಗೆ ಹಬ್ಬ ಮಾಡುವುದಿಲ್ಲ. ಈ ಸಲ ಚೌತಿ ನಮ್ಮ ಮನೆಯ ಮುಂದೆಯೇ ಹಾದು ಪಕ್ಕದ ಮನೆಗೆ ಹೋಯಿತು. ಆ ದಿನ ಕುಳಿತು ಕಂದು ಬಾಗಿಲನ್ನು ನೋಡುತ್ತಿದ್ದಾಗ ನನಗೆ ಹೊಳೆದದ್ದು ಇಷ್ಟು: ಚೌತಿಯೂ ಇಲ್ಲ, ದೀಪಾವಳಿಯೂ ಇಲ್ಲ. ಮುಂದಕ್ಕೆ ಹಾಕಲು ನನ್ನ ಹತ್ತಿರ ಒಂದೂ ಹಬ್ಬ ಉಳಿದಿಲ್ಲ. ದಸರಾ ರಜೆ ಸುರುವಾದ ಮಾರನೆಯ ದಿನವೇ ಬಾಗಿಲಿಗೆ ಬಣ್ಣ ಹೊಡೆಯುವುದೆಂದು ನಿಶ್ಚಯ ಮಾಡಿದೆ. ಯಾರಿಗಾಗಿ ಎಂದು ನೀವು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ವೀಣಾಳ ತಾಯಿ, ಎಂಬತ್ತು ದಾಟಿದೆ. ಆರು ವರ್ಷದ ಹಿಂದೆ ತಮ್ಮ ಊರು ನಿಲ್ಕುಂದದಲ್ಲಿ ಕಾಲು ಮುರಿದುಕೊಂಡು ಮೂರು ತಿಂಗಳ ಮಟ್ಟಿಗೆಂದು ಮಗಳ ಮನೆಗೆ ಬಂದವರು, ಇಲ್ಲಿಯೇ ಉಳಿದರು. ವೀಣಾ ಹೋದ ಮೇಲೆ ನಿಲ್ಕುಂದದಿಂದ ಅವರ ಮಗ ಬಂದು ಕರೆದರೂ ಹೋಗಲಿಲ್ಲ. “ಇಲ್ಲಿ ಅನ್ನಕ್ಕೆ ಇಡಲೆ ಯಾರಿದ್ದ?” ಎಂದು ಕೇಳಿದರಂತೆ. ನಾನು ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಶಾಲೆಯಲ್ಲಿ ನನಗೆ ಒಳ್ಳೆಯ ಹೆಸರಿದೆ. ನಿಜ ಏನೆಂದರೆ ನನಗೆ ಚಹ ಮಾಡಲೂ ಬರುವುದಿಲ್ಲ. ಅತ್ತೆ ಹಳೆಯ ಕಾಲದವರು, ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಬಾಗಿಲಿಗೇ ಹೇಳಿದಂತೆ ಮಾತಾಡುವುದು ಅವರ ರೂಢಿ. “ಆಸ್ರಿಗೆ ಮಾಡಿಟ್ಟಿದ್ದು. ಬಿಸಿ ಇದ್ದಾಗ ಕುಡದ್ರಾಗಿತ್ತು.” ನಾನೂ ಬಾಗಿಲಿಗೇ ಹ್ಞೂಂ ಎಂದು ಆ ಚಹ ಕುಡಿಯುತ್ತಿದ್ದೆ. ಮಗಳನ್ನು ಕಳೆದುಕೊಂಡ ಅವರು, ಹೆಂಡತಿಯನ್ನು ಕಳೆದುಕೊಂಡ ನಾನು, ನಡುವೆ ಶಾಲೆಯ ಬೆಂಚಿನ ಬಣ್ಣದ ಒಂದು ಬಾಗಿಲು. ಎಂಟು ತಿಂಗಳಲ್ಲಿ ನಾವಿಬ್ಬರೂ ವೀಣಾಳ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ.

ಆ ಬಾಗಿಲನ್ನು ನಾನು ಕಳಚಿ ಜಗಲಿಗೆ ತಂದು ಮಲಗಿಸಿದೆ. ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ, ಬಾಗಿಲನ್ನು ನಿಲ್ಲಿಸಿ ಬಣ್ಣ ಹೊಡೆದರೆ ಇಳಿಯುತ್ತದೆ, ಮಲಗಿಸಿ ಹೊಡೆಯಬೇಕು ಎಂದು ತೋರಿಸಿದ್ದ. ಅವನು ಹೇಳದೆ ಬಿಟ್ಟದ್ದೆಂದರೆ ಬಾಗಿಲು ಕಳಚಿದರೆ ಅತ್ತೆ ಮಾತಾಡುವುದಿಲ್ಲ ಎನ್ನುವುದು. ಮೊದಲ ದಿನ ಊಟದ ಹೊತ್ತಿಗೆ ಪಾತ್ರೆ ಸ್ವಲ್ಪ ಜೋರಾಗಿ ಸದ್ದಾಯಿತು. ಅದು ಊಟಕ್ಕೆ ಬನ್ನಿ ಎಂದು ಅರ್ಥ ಮಾಡಿಕೊಳ್ಳಲು ನನಗೆ ಅರ್ಧ ತಾಸು ಬೇಕಾಯಿತು. ಎರಡನೆಯ ದಿನ ಚೌಕಟ್ಟಿಗೆ ಒಂದು ಹಳೆಯ ಸೀರೆಯನ್ನು ಕಟ್ಟಿದರು. ಸೀರೆಯ ಹಿಂದೆ ನಿಂತರೂ ಮಾತು ಹೊರಡಲಿಲ್ಲ. ಅದು ವೀಣಾಳ ಸೀರೆಯಾಗಿತ್ತು, ಅದಕ್ಕೇ ಇರಬೇಕು.

ನಾನು ಜಗಲಿಯಲ್ಲಿ ಕುಳಿತು ಪಾಲಿಶ್ ಪೇಪರಿನಿಂದ ಬಾಗಿಲು ಉಜ್ಜಿದೆ. ಹೇಗೆ ಉಜ್ಜಿದೆ ಎನ್ನುವುದನ್ನು ಸ್ವಲ್ಪ ಹೇಳಿಕೊಳ್ಳಲು ಅಪ್ಪಣೆ ಕೊಡಿ, ಯಾಕೆಂದರೆ ಜೀವನದಲ್ಲಿ ನಾನು ಮನಸ್ಸಿಟ್ಟು ಮಾಡಿದ ಮನೆಗೆಲಸ ಇದೊಂದೇ. ಮೊದಲು ಒರಟು ಪೇಪರು, ಆಮೇಲೆ ಮಧ್ಯಮ, ಕೊನೆಗೆ ನಯ. ಮೂರು ದಿನ. ಕನ್ನಡಕದ ಮೇಲೆ ಧೂಳು ಕೂತು ಏನೂ ಕಾಣದಾದಾಗ ಕನ್ನಡಕ ತೆಗೆದಿಟ್ಟು ಉಜ್ಜಿದೆ. ಮೊಳೆಯ ತೂತು, ಎಣ್ಣೆಯ ಜಿಡ್ಡು, ನನ್ನ ಕೊಡೆ ನೇತು ಹಾಕುವ ಗೂಟದಿಂದ ಇಳಿದ ನೀರಿನ ಗೆರೆ, ಒಂದನ್ನೂ ಬಿಡಲಿಲ್ಲ. ಗೂಟದ ಪಕ್ಕ ಅಂಗೈಯಗಲದ ಒಂದು ಕಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ, ಅದಕ್ಕೆಂದೇ ಒಂದು ಇಡೀ ಒರಟು ಪೇಪರು ಹಾಳು ಮಾಡಿ ತೆಗೆದೆ. ಮರ ಮಗುವಿನ ಬೆನ್ನಿನ ಹಾಗೆ ನುಣ್ಣಗಾಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣಕ್ಕೆ ಮೊದಲು ಬಳಿಯುವ ಬಿಳಿಯ ಪ್ರೈಮರನ್ನು ಒಂದು ಕೈ ಹೊಡೆದು, ಒಣಗಿದ ಮೇಲೆ ಬಣ್ಣ ತರಲು ಪೇಟೆಗೆ ಹೊರಟೆ.

ಪೇಟೆಯಲ್ಲಿ ಇಸ್ಮಾಯಿಲ್ ಭಾಯಿಯವರ ಬಣ್ಣದ ಅಂಗಡಿ ಇದೆ. ಅವರ ಇಬ್ಬರು ಮಕ್ಕಳು ನನ್ನ ಹತ್ತಿರ ಕಲಿತವರು, ಆದ್ದರಿಂದ ನನಗೆ ಅಲ್ಲಿ ಕುರ್ಚಿ ಉಂಟು. “ಬರ್ರಿ ಮಾಸ್ತರ್ರೆ, ಕೂತ್ಕೊಳ್ರಿ. ಯಾವ ಬಣ್ಣ ಕೊಡ್ಲಿ?” ಎಂದರು.

ನಾನು ಬಾಯಿ ತೆರೆದೆ. ಬಾಯಿಯಿಂದ ಯಾವ ಬಣ್ಣವೂ ಬರಲಿಲ್ಲ.

ಹನ್ನೊಂದು ವರ್ಷ ಅವಳು ಹೇಳಿದ್ದು ಕಿವಿಯಲ್ಲಿ ಇದೆ. ಹೇಳುವಾಗ ಒರೆಸುತ್ತಿದ್ದ ಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ‘ಬಣ್ಣ ಹೊಡೆಯವು’ ಎನ್ನುವಾಗಿನ ಸ್ವರ, ಎಲ್ಲ ಇದೆ. ಯಾವ ಬಣ್ಣ ಎನ್ನುವಲ್ಲಿ ಮಾತ್ರ ಖಾಲಿ. ಇಸ್ಮಾಯಿಲ್ ಭಾಯಿ ಬಣ್ಣದ ಕಾರ್ಡು ಬಿಡಿಸಿಟ್ಟರು. ಎಷ್ಟೊಂದು ಬಣ್ಣಗಳು, ಹಳದಿಯಲ್ಲೇ ಒಂದು ಮದುವೆಗೆ ಸಾಲುವಷ್ಟು. ಆಲೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದು ಗಂಭೀರ ಮುಖ ಮಾಡಿ ಎದ್ದೆ. ಮರೆತಿದ್ದೇನೆ ಎಂದು ಹೇಳಲು ನಾಚಿಕೆಯಾಯಿತು. ಮಕ್ಕಳು ಮಗ್ಗಿ ಮರೆತರೆ ಎಬ್ಬಿಸಿ ನಿಲ್ಲಿಸುತ್ತಿದ್ದವನು ನಾನು.

ಹೊರಗೆ ಬಂದು ಯಲ್ಲಾಪುರದಲ್ಲಿರುವ ಮಗಳು ಸಹನಾಳಿಗೆ ಫೋನು ಮಾಡಿದೆ. ಆಯಿಗೆ ಯಾವ ಬಣ್ಣ ಇಷ್ಟ ಇತ್ತು ಎಂದು, ಸುಮ್ಮನೆ ಕೇಳಿದವನಂತೆ ಕೇಳಿದೆ. “ಹಸಿರು ಕಾಣ್ತು ಅಪ್ಪಯ್ಯ,” ಎಂದಳು. “ಅಲ್ಲ ತಡಿ, ನೀಲಿನೋ ಏನೋ. ನೀ ಎಂತಕ್ಕೆ ಯನ್ನ ಕೇಳ್ತೆ? ದಿನಾ ಜೊತೆಗೆ ಇದ್ದವ ನೀನಲ್ದಾ?” ಅವಳು ಅಳುತ್ತಿದ್ದಳು ಎಂದು ಕಾಣುತ್ತದೆ. ನಾನು, ಬಸ್ಸು ಬಂತು ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಮನೆಗೆ ಬಂದು ವೀಣಾಳ ಕಪಾಟು ತೆರೆದೆ. ಅವಳು ಹೋದ ಮೇಲೆ ತೆರೆದಿರಲಿಲ್ಲ. ಸೀರೆಗಳಲ್ಲಿ ಯಾವ ಬಣ್ಣ ಹೆಚ್ಚಿದೆಯೋ ಅದೇ ಅವಳ ಬಣ್ಣ ಎನ್ನುವುದು ನನ್ನ ಲೆಕ್ಕಾಚಾರ. ಒಂದೊಂದಾಗಿ ತೆಗೆದೆ. ಇದು ಉಪನಯನದಲ್ಲಿ ಯಾರೋ ಉಡುಗೊರೆ ಕೊಟ್ಟದ್ದು, ಇದು ತವರಿನಿಂದ ಬಂದದ್ದು, ಇದು ಸಹನಾಳ ಮದುವೆಯಲ್ಲಿ ಬೀಗರು ಉಡಿಸಿದ್ದು. ಉಳಿದವು ನಾನು ತಂದವು, ಅಂಗಡಿಯವನು ಮೊದಲು ಬಿಚ್ಚಿ ತೋರಿಸಿದ್ದನ್ನು ಹೊತ್ತು ತಂದವು. ಬಹಳಷ್ಟು ಕಂದು. ಅವಳೇ ಹೋಗಿ, ಅವಳೇ ಆರಿಸಿ ತಂದ ಸೀರೆ ಯಾವುದೆಂದು ಹುಡುಕಿದೆ, ಒಂದೂ ಸಿಗಲಿಲ್ಲ. ಕಪಾಟಿನ ಮುಂದೆ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಇಷ್ಟು ದಿನ ಬಂದವರೆಲ್ಲ, ಅತ್ತುಬಿಡಿ ಮಾಸ್ತರ್ರೆ ಹಗುರಾಗ್ತದೆ ಎಂದಿದ್ದರು. ಹಗುರಾಗಲಿಲ್ಲ.

ಮಾರನೆಯ ದಿನ ಇಸ್ಮಾಯಿಲ್ ಭಾಯಿಯವರಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಬಣ್ಣ ನನ್ನದಲ್ಲ, ನಮ್ಮ ಮನೆಯವಳು ಹೇಳಿದ್ದು, ನನಗೆ ಮರೆತುಹೋಗಿದೆ ಎಂದು. ಅವರು ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು.

“ನಿನ್ನೆನೇ ಹೇಳ್ಬಾರ್ದಾಗಿತ್ತಾ ಮಾಸ್ತರ್ರೆ? ಅಮ್ಮೋರು ಬಂದಿದ್ರಲ್ರೀ ಅಂಗ್ಡಿಗೆ. ಮೂರು ವರ್ಷ ಆಗಿರ್ಬೇಕು. ನೀವು ಕೂತ ಕುರ್ಚಿಯಲ್ಲೇ ಕೂತು, ಒಂದು ತಾಸು ಈ ಕಾರ್ಡು ನೋಡಿದ್ರು. ಒಂದು ಬಣ್ಣ ಹಿಡಿಸ್ತು. ಆ ಬಣ್ಣದ್ದು ಒಡೆದ ಡಬ್ಬ ಇತ್ತು, ಚಾ ಕುಡಿಯೋ ಕಾಗದದ ಲೋಟದಲ್ಲಿ ಒಂದು ಚಮಚ ಹಾಕಿ ಕೊಟ್ಟೆ. ಬಾಗಿಲಿಗೆ ಒಂದು ಕಡೆ ಹಚ್ಚಿಡ್ತೇನೆ, ಅವರು ನೋಡಿ ಏನು ಅಂತ ಕೇಳಿದ್ರೆ ಆಮೇಲೆ ಬಂದು ಒಯ್ತೇನೆ ಅಂದಿದ್ರು. ಮತ್ತೆ ಬರ್ಲಿಲ್ಲ.”

ಯಾವ ಬಣ್ಣ ಎಂದು ಕೇಳಿದೆ. ಅವರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. “ಏನಾದ್ರೂ ಒಂದು ಹೇಳ್ಬಹುದು ನಾನು. ಆದ್ರೆ ಇದ್ರಾಗ ಸುಳ್ಳು ಹೇಳ್ಬಾರ್ದು. ನೆನಪಿಲ್ಲ ಮಾಸ್ತರ್ರೆ.” ಆ ಕಾರ್ಡನ್ನು ಮಡಚಿ ನನ್ನ ಕಿಸೆಯಲ್ಲಿ ಅವರೇ ಇಟ್ಟರು.

ದಾರಿಯಲ್ಲಿ ಬರುವಾಗ ಗೂಟದ ಪಕ್ಕದ ಆ ಅಂಗೈಯಗಲದ ಕಲೆ ನೆನಪಾಯಿತು. ನಾನು ದಿನಾ ಶಾಲೆಗೆ ಹೋಗುವಾಗ ಕೊಡೆ ತೆಗೆಯುವ ಗೂಟ. ನನ್ನ ಕಣ್ಣಿಗೆ ಬೀಳಲೇಬೇಕೆಂದು ಅವಳು ಹುಡುಕಿ ಹುಡುಕಿ ಅಲ್ಲಿಯೇ ಹಚ್ಚಿದ್ದಳು. ಮೂರು ವರ್ಷ ನಾನು ಅದರ ಮೇಲೆ ಒದ್ದೆ ಕೊಡೆ ನೇತು ಹಾಕಿದೆ. ಕೊನೆಗೆ ಜಿಡ್ಡಿನ ಕಲೆ ಎಂದು ತಿಳಿದು, ಕನ್ನಡಕ ತೆಗೆದಿಟ್ಟು, ಬೆವರು ಸುರಿಸಿ ಉಜ್ಜಿ ತೆಗೆದೆ. ಅದರ ಬಣ್ಣವನ್ನು ನೆನಪಿಗೆ ತಂದುಕೊಳ್ಳಲು ನೋಡಿದರೆ, ಹಸಿರು ಅಂದುಕೊಂಡಾಗ ಹಸಿರು ಕಾಣುತ್ತದೆ, ಹಳದಿ ಅಂದುಕೊಂಡಾಗ ಹಳದಿ. ಹನ್ನೊಂದು ವರ್ಷದ ಸೋಮಾರಿತನದಿಂದ ಆಗದ ಹಾನಿಯನ್ನು ಮೂರು ದಿನದ ಶ್ರದ್ಧೆಯಿಂದ ಮಾಡಿ ಮುಗಿಸಿದ್ದೆ.

ಒಂದು ಆಸೆ ಉಳಿದಿತ್ತು. ಆ ಕಲೆಯನ್ನು ಉಜ್ಜಿದ ಪಾಲಿಶ್ ಪೇಪರು. ಅದರ ಮರಳಿನ ಸಂದಿಯಲ್ಲಿ ಬಣ್ಣ ಒಂದಿಷ್ಟಾದರೂ ಸಿಕ್ಕಿಕೊಂಡಿರಬಹುದು, ಒಂದು ಸಾಸಿವೆಯಷ್ಟು ಇದ್ದರೂ ಕಾರ್ಡಿನ ಪಕ್ಕ ಹಿಡಿದು ನೋಡಬಹುದು. ಮನೆಗೆ ಬಂದವನೇ ಜಗಲಿಯಲ್ಲಿ ಮೊಣಕಾಲೂರಿ ಹುಡುಕತೊಡಗಿದೆ. ಕಸದ ಬುಟ್ಟಿ ಬೋರಲು ಹಾಕಿದೆ. ಹೆಡ್ಮಾಸ್ತರ ಕಸ ಕೆದಕುವುದನ್ನು ಎದುರು ಮನೆಯವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ.

“ಎಂತ ಹುಡುಕ್ತಾ ಇದ್ರಿ?”

ತಲೆ ಎತ್ತಿದೆ. ಅತ್ತೆ. ಸೀರೆಯ ಪರದೆ ಸರಿಸಿ, ಹೊಸಿಲು ದಾಟಿ, ಜಗಲಿಯವರೆಗೆ ಬಂದು ನನ್ನ ಎದುರಿಗೆ ನಿಂತಿದ್ದರು. ಅವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ. ವೀಣಾಳ ಗಲ್ಲವೇ. ಪಾಲಿಶ್ ಪೇಪರು ಎಂದೆ. ಅವರು ಒಳಗೆ ಹೋಗಿ ತಮ್ಮ ಮೆಟ್ಟುಗತ್ತಿಯನ್ನು ತಂದು ತೋರಿಸಿದರು. ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚುವ ಆ ಕತ್ತಿ ವರ್ಷಗಳ ತುಕ್ಕು ಕಳೆದು ಫಳಫಳ ಹೊಳೆಯುತ್ತಿತ್ತು. “ಬಿಸಾಡಿದ್ದು ಹೇಳಿ ಮಾಡಿ ಎಲ್ಲ ಇದಕ್ಕೆ ತಿಕ್ಕಿದಿ. ಒಲೆಗೂ ಹಾಕಿಯಾತು,” ಎಂದರು.

ಆಗ ನಾನು ಎಲ್ಲ ಹೇಳಿದೆ. ಅಂಗಡಿ, ಕಾಗದದ ಲೋಟ, ಗೂಟ, ಕಲೆ. ವೀಣಾ ಎಂಬ ಹೆಸರನ್ನು ಎಂಟು ತಿಂಗಳಲ್ಲಿ ಮೊದಲ ಸಲ ಅವರೆದುರು ಆಡಿದೆ. ಅವಳು ಹೇಳಿದ ಬಣ್ಣವನ್ನು ನಾನು ಮರೆತುಬಿಟ್ಟೆ ಅತ್ತೆ, ನಿಮಗಾದರೂ ನೆನಪಿದೆಯೇ ಎಂದು ಕೇಳಿದೆ. ಅತ್ತೆ ಮಲಗಿಸಿದ ಬಾಗಿಲಿನ ಪಕ್ಕ, ಗೋಡೆಗೆ ಒರಗಿ ಕುಳಿತರು.

“ಹಚ್ಚಿದ್ದು ಯಂಗೆ ಗೊತ್ತಿದ್ದು. ಆವಾಗ ಕಣ್ಣಿಗೆ ಪೊರೆ ಬಂದಿತ್ತು, ಅದನ್ನ ತೆಗೆಸೋದ್ರೊಳಗೆ ಕಲೆಗೆ ಜಿಡ್ಡು ಹಿಡದಿತ್ತು, ಬಣ್ಣ ಗೊತ್ತಾಯ್ದಿಲ್ಲೆ. ಯಾವುದು ಮಗಾ ಹೇಳಿ ಕೇಳಿದಿ. ‘ಮೊದ್ಲು ಅವ್ರು ಕೇಳ್ಲಿ ಆಯಿ, ಆಮೇಲೆ ಹೇಳ್ತಿ’ ಹೇಳ್ತು.” ಬಿಳಿ ಪ್ರೈಮರಿನ ಮೇಲೆ ಒಂದು ಸಲ ಕೈಯಾಡಿಸಿದರು. “ವೀಣಾ ಯಾರಿಗೂ ಹೇಳಿದ್ದಿಲ್ಲೆ. ನಿಂಗ ಮರ್ತಿದ್ದಲ್ಲ. ನಿಂಗ ಒಂದ್ಸಲನೂ ಕೇಳಿದ್ದಿಲ್ಲೆ.”

ಅನ್ನ ಆಗಿದೆ ಎನ್ನುವ ಸ್ವರದಲ್ಲಿಯೇ ಹೇಳಿದರು. ಆಕ್ಷೇಪಣೆಯ ಎಳೆಯೂ ಇರಲಿಲ್ಲ. ನನಗೆ ಮರೆವಿನ ರೋಗವಿದ್ದರೆ ಎಷ್ಟೋ ವಾಸಿಯಿತ್ತು. ಹನ್ನೊಂದು ವರ್ಷದ ಪ್ರತಿ ಚೌತಿಗೂ ಅವಳು ಒಂದು ಪ್ರಶ್ನೆಗಾಗಿ ಕಾದಿದ್ದಳು, ನಾನು ಪ್ರತಿ ಸಲವೂ ಕೇಳದ ಪ್ರಶ್ನೆಗೆ ‘ಮಾಡನ’ ಎಂದು ಉತ್ತರ ಕೊಟ್ಟಿದ್ದೆ. ನಾವು ಅನ್ಯೋನ್ಯ ದಂಪತಿ ಎಂದು ಊರು ಹೇಳುತ್ತಿತ್ತು ಎಂದೆನಲ್ಲ. ಇದ್ದೆವು. ಆ ಅನ್ಯೋನ್ಯದ ಕೆಲಸವನ್ನೆಲ್ಲ ಅವಳೊಬ್ಬಳೇ ಮಾಡುತ್ತಿದ್ದಳು.

ನಾವಿಬ್ಬರೂ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆವು. ಅತ್ತೆ ವೀಣಾಳ ಸಣ್ಣಂದಿನ ಎರಡು ಸಂಗತಿ ಹೇಳಿದರು, ನಾನು ಆಸ್ಪತ್ರೆಯ ಒಂದು ಸಂಗತಿ ಹೇಳಿದೆ. ಏಳುವ ಮೊದಲು ಕಿಸೆಯಿಂದ ಬಣ್ಣದ ಕಾರ್ಡು ತೆಗೆದು ಅವರ ಕೈಗೆ ಕೊಟ್ಟು, ನಿಮಗೆ ಯಾವ ಬಣ್ಣ ಬೇಕು ಅತ್ತೆ ಎಂದು ಕೇಳಿದೆ. ಈ ಜನ್ಮದಲ್ಲಿ ನಾನು ಹೆಂಗಸರಿಗೆ ಕೇಳಿದ ಇಂಥ ಪ್ರಶ್ನೆ ಇದೇ ಮೊದಲು. ಅತ್ತೆ ನನ್ನನ್ನೂ ಕಾರ್ಡನ್ನೂ ಒಮ್ಮೆ ನೋಡಿದರು. “ಯನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲೆ. ಸ್ವಲ್ಪ ತಡಿರಿ, ಆಲೋಚ್ನೆ ಮಾಡಿ ಹೇಳ್ತಿ,” ಎಂದರು.

ಬಾಗಿಲನ್ನು ಬಿಳಿಯಾಗಿಯೇ ಮತ್ತೆ ಚೌಕಟ್ಟಿಗೆ ಏರಿಸಿದ್ದೇನೆ. ಗೂಟವನ್ನು ಕಿತ್ತು ಕೊಡೆಯನ್ನು ಬೇರೆ ಕಡೆ ಇಟ್ಟಿದ್ದೇನೆ. ಅತ್ತೆ ಈಗ ಬಾಗಿಲ ಮರೆಯಿಂದ ಅರ್ಧ ಹೊರಗೆ ಬಂದು ಮಾತಾಡುತ್ತಾರೆ. ಮಧ್ಯಾಹ್ನ ಕಿಟಕಿಯ ಬೆಳಕಿಗೆ ಕಾರ್ಡು ಹಿಡಿದು ಕೂರುತ್ತಾರೆ, ಒಂದು ಬಣ್ಣದ ಮೇಲೆ ಬೆರಳಿಟ್ಟು, ತೆಗೆದು, ಇನ್ನೊಂದರ ಮೇಲೆ ಇಡುತ್ತಾರೆ. ಮೂರು ವಾರವಾಯಿತು. ಪ್ರೈಮರನ್ನು ಹಾಗೆಯೇ ಬಹಳ ದಿನ ಬಿಡಬಾರದು ಎಂದು ಇಸ್ಮಾಯಿಲ್ ಭಾಯಿ ಎರಡು ಸಲ ಹೇಳಿ ಕಳಿಸಿದ್ದಾರೆ. ಬೆರಳಿನ ಗುರುತು, ಒಗ್ಗರಣೆಯ ಹೊಗೆ ಆಗಲೇ ಕಾಣತೊಡಗಿದೆ. ಕಾಯುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಆ ಬಾಗಿಲನ್ನು ನೋಡಿ ಬರುತ್ತೇನೆ.

ನಿನ್ನೆ ತಡೆಯಲಾರದೆ ಹೊಸಿಲ ಬಳಿ ನಿಂತು ಸಣ್ಣಗೆ ಕೆಮ್ಮಿ, ಬಣ್ಣದ ವಿಷಯ ಎಲ್ಲಿಗೆ ಬಂತು, ರವಿವಾರ ಹೊಡೆದುಬಿಡಲೇ ಎಂದು ಕೇಳಿದೆ. ಒಳಗೆ ಮೆಟ್ಟುಗತ್ತಿಯ ಸದ್ದು ಒಂದು ಕ್ಷಣ ನಿಂತಿತು.

“ಮಾಡನ,” ಎಂದರು ಅತ್ತೆ.